ಗುಳ್ಳಕ್ಕೆ ಸ್ಟಿಕ್ಕರ್ ಉಂಟು, ಭತ್ತವನ್ನು ಕೇಳುವವರಿಲ್ಲ

ಕೊಚ್ಚಿಯಲ್ಲಿ ಪಕ್ಕದ ಮನೆಯವರು ಭಾನುವಾರ ಊಟಕ್ಕೆ ಕರೆದಿದ್ದರು. ಬಟ್ಟಲಿಗೆ ಅನ್ನ ಬೀಳುವ ಮೊದಲೇ ‘ಇದು ಪೊಕ್ಕಾಳಿ’ ಅಂದರು. ಮೀನುಸಾರು ಆರುವವರೆಗೂ ಅದರದೇ ಕಥೆ. ಹಿನ್ನೀರಿನ ಉಪ್ಪು ತಡೆದು ಆಳೆತ್ತರ ಬೆಳೆಯುತ್ತದಂತೆ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿಯಂತೆ, ಆ ಸೀಮೆಯದೇ ಬೆಳೆ ಎಂದು ಗುರುತಿಸುವ ಜಿಐ ಟ್ಯಾಗ್ ಬೇರೆ. ‘ನಿಮ್ಮ ಉಡುಪಿ ಕಡೆ ಯಾವ ಅಕ್ಕಿ?’ ಕುಚ್ಚಲಕ್ಕಿ ಅಂದೆ. ‘ಅದು ಬೇಯಿಸುವ ಕ್ರಮ ಆಯಿತು. ಭತ್ತ ಯಾವುದು?’

ರಾತ್ರಿ ಕೋಟಕ್ಕೆ, ಅಣ್ಣನಿಗೆ ಫೋನ್ ಮಾಡಿದೆ. ‘ಎಂಒ ನಾಲ್ಕ್. ಅದ್ ನಿಮ್ ಕೇರಳದ್ದೇ ಅಲ್ದಾ ಮಾರಾಯ!’ ಹೌದು, ಕುಟ್ಟನಾಡಿನ ಮೊಂಕೊಂಬು ಸಂಶೋಧನಾ ಕೇಂದ್ರದ ತಳಿ. ಈಗ ನಮ್ಮ ಬೈಲಿನಲ್ಲಿ ಕಣ್ಣು ಹಾಯುವಷ್ಟು ದೂರ ಅದೊಂದೇ. ಅಜ್ಜಿ ಕಯಮೆ, ಅತಿಕರಾಯ, ಮಸ್ಕತಿ ಅಂತ ಎಣಿಸುತ್ತಿದ್ದರು; ಎತ್ತರದ ಬೆಟ್ಟುಗದ್ದೆಗೊಂದು, ನಡುವಿನ ಮಜಲಿಗೊಂದು, ನೀರು ನಿಲ್ಲುವಲ್ಲಿಗೆ ಇನ್ನೊಂದು.

ಉಡುಪಿಯವರಿಗೆ ನಾಲಗೆ ಇಲ್ಲ ಅನ್ನುವ ಹಾಗಿಲ್ಲ. ಮಟ್ಟು ಊರಿನ ಬದನೆ ಮಟ್ಟುಗುಳ್ಳಕ್ಕೆ 2011ರಲ್ಲೇ ಜಿಐ ಸಿಕ್ಕಿತು. ಬೆಳೆಗಾರರ ಸ್ಟಿಕ್ಕರ್ ಇದೆಯೇ ಎಂದು ತಿರುಗಿಸಿ ನೋಡಿ, ಅದರ ಬೀಜ ಕೊಟ್ಟದ್ದು ವಾದಿರಾಜ ಸ್ವಾಮಿಗಳು ಎಂಬ ಕಥೆಯನ್ನೂ ಹೇಳಿ, ಕೇಳಿದಷ್ಟು ಕೊಟ್ಟು ತರುತ್ತೇವೆ. ಅದೇ ನಾವು ಅಕ್ಕಿ ಅಂಗಡಿಯಲ್ಲಿ ಕೇಳುವುದು ಇಷ್ಟೇ: ಯಾವ ಚೀಲ ಕಡಿಮೆಗೆ? ಗುಳ್ಳದ ಕೊದ್ದೆಲಿಗೆ, ಅಂದರೆ ಹುಳಿಗೆ, ಇರುವ ಮರ್ಯಾದೆ ಅದರ ಅಡಿಯ ಅನ್ನಕ್ಕಿಲ್ಲ. ಉಣ್ಣುವವನು ಕೇಳದಿದ್ದರೆ ಬೆಳೆಯುವವನು ಯಾಕೆ ಬಿತ್ತಿಯಾನು? ಬಿತ್ತದೆ ಕಣಜದಲ್ಲಿಟ್ಟ ಬೀಜ ಕೆಲವೇ ವರ್ಷಗಳಲ್ಲಿ ಮೊಳೆಯುವುದನ್ನು ನಿಲ್ಲಿಸುತ್ತದೆ.

ಇದು ಬರೀ ಹಳೆಯದರ ಹಂಬಲ ಅಲ್ಲ. ಉಪ್ಪು ತಡೆಯುವ ‘ಸಾಲ್ಟಾಲ್’ ಎಂಬ ವಂಶವಾಹಿ ಭಾಗವನ್ನು ವಿಜ್ಞಾನಿಗಳು ಗುರುತಿಸಿದ್ದು ಪೊಕ್ಕಾಳಿಯಲ್ಲೇ. ಅದನ್ನೀಗ ಬೇರೆ ಭತ್ತಗಳಿಗೂ ಸೇರಿಸುತ್ತಿದ್ದಾರೆ. ಅಳಿವೆಯ ಪಕ್ಕದ ನಮ್ಮ ಗದ್ದೆಗಳಿಗೂ ಉಪ್ಪುನೀರು ನುಗ್ಗುತ್ತದೆ. ಅಜ್ಜಿ ಎಣಿಸಿದ ಭತ್ತಗಳಲ್ಲಿ ಯಾವುದರೊಳಗೆ ಏನಿತ್ತೋ!

ಕಾಸರಗೋಡಿನ ನೆಟ್ಟಣಿಗೆಯಲ್ಲಿ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿದ್ದಾರೆ, 2024ರಲ್ಲಿ ಪದ್ಮಶ್ರೀ ಬಂತು. ಅವರನ್ನು ಕೇರಳದ ಲೆಕ್ಕಕ್ಕೆ ಬಿಟ್ಟುಕೊಡಲು ನಾನಂತೂ ತಯಾರಿಲ್ಲ. ಆದರೆ ಅವರೊಬ್ಬರು ಉಳಿಸಿದ್ದನ್ನು ಕೊಂಡು ಉಣ್ಣುವ ಊರು ಬೇಡವೇ?

ಇನ್ನು, ಹೇಳದಿದ್ದರೆ ಅನ್ಯಾಯವಾದೀತು: ಇಲ್ಲಿ ಪೊಕ್ಕಾಳಿ ಗದ್ದೆಗಳೂ ಕರಗುತ್ತಿವೆ. ನನಗೆ ಪಾಠ ಹೇಳಿದ ಆ ಮನೆಯಲ್ಲೂ ದಿನದ ಅನ್ನ ಆಂಧ್ರದಿಂದ ಬರುವ ಜಯ ಅಕ್ಕಿಯದೇ. ಅಣ್ಣನ ಮಾತಿನಲ್ಲೂ ಹುರುಳಿದೆ. ಹಳೆಯ ಭತ್ತ ಎತ್ತರ, ಗಾಳಿಮಳೆಗೆ ಮಲಗುತ್ತದೆ. ಮಲಗಿದ ಪೈರಿಗೆ ಕಟಾವು ಯಂತ್ರ ಒಗ್ಗುವುದಿಲ್ಲ, ಆಳು ಸಿಗುವುದಿಲ್ಲ. ‘ನೀ ಬಂದ್ ಕೊಯ್ದ್ ಕೊಡ್, ನಾ ಅತಿಕರಾಯ ಹಾಕ್ತೆ’ ಅಂದ. ಕೊಯ್ಲಿನ ಕೂಲಿ ನಾನು ಕೊಡುತ್ತೇನೆ ಅಂದೆ. ಮುಂದಿನ ಏಣೆಲಿಗೆ, ಮಳೆಗಾಲದ ಬೆಳೆಗೆ, ಒಂದು ಗದ್ದೆ ಬಿಡಲು ಒಪ್ಪಿದ್ದಾನೆ, ಬೀಜ ನಾನೇ ಹುಡುಕಿ ತಂದರೆ.