ಬಿಳಿ ಚೀಟಿ ಮತ್ತು ಹತ್ತು ಅಂಕದ ಉತ್ತರ

ಬಿ.ಕಾಂ. ಮಕ್ಕಳಿಗೆ ವ್ಯವಹಾರ ನೀತಿಯ ಪಾಠ ಮಾಡುತ್ತೇನೆ. ‘ವ್ಯವಹಾರ ನೀತಿ ಎಂದರೇನು? ಅದರ ಮಹತ್ವ ವಿವರಿಸಿ’ ಎಂದರೆ ಹತ್ತಕ್ಕೆ ಒಂಬತ್ತು ಅಂಕ ಬರುವಂತೆ ಬರೆಯುವವರು ನಮ್ಮ ಕಾಲೇಜಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಹಾಗೆ ಬರೆದವರಲ್ಲೊಬ್ಬ ಪಾಸಾದ ಮೇಲೆ ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ಒಂದು ಅಡತಿ ಅಂಗಡಿಗೆ ಲೆಕ್ಕ ಬರೆಯಲು ಸೇರಿದ. ಕೆಲವೇ ದಿನಗಳಲ್ಲಿ ನನ್ನ ಹತ್ತಿರ ಬಂದು ನಿಂತ. “ಸರ, ಬಿಳಿ ಚೀಟಿ ಬರಿ ಅಂತಾರ್ರಿ. ಏನ್ ಮಾಡ್ಲಿ?”

ಎಪಿಎಂಸಿ (ಕೃಷಿ ಮಾರುಕಟ್ಟೆ) ಕಡೆ ಓಡಾಡದವರಿಗಾಗಿ ಹೇಳುತ್ತೇನೆ. ಮಾಲು ಮಾರಿದ ರೈತನಿಗೆ ಅಂಗಡಿಯ ಹೆಸರು, ಲೈಸೆನ್ಸ್ ನಂಬರ್ ಇರುವ ಬಿಲ್ ಕೊಡಬೇಕು. ಅದರ ಬದಲು ಹೆಸರಿಲ್ಲ, ಸಹಿಯಿಲ್ಲ, ಖಾಲಿ ಹಾಳೆಯ ಚೂರೊಂದರ ಮೇಲೆ ಲೆಕ್ಕ ಗೀಚಿ ಕೊಡುವುದೇ ಬಿಳಿ ಚೀಟಿ. ಹುಡುಗ ತಂದು ತೋರಿಸಿದ ಚೀಟಿಯಲ್ಲಿ ನಲವತ್ತು ಚೀಲ ಗೋವಿನಜೋಳ ಇತ್ತು, ಇಪ್ಪತ್ತು ಕ್ವಿಂಟಲ್. ಕ್ವಿಂಟಲಿಗೆ ಎರಡು ಸಾವಿರ ರೂಪಾಯಿ ದರ. ಚೀಲಕ್ಕೆ ಒಂದು ಕೆ.ಜಿ. ಸೂಟು, ಅಂದರೆ ತೂಕದಲ್ಲಿ ಕಡಿತ, ತೆಗೆದಿದ್ದರು, ಅಲ್ಲಿಗೆ 800 ರೂಪಾಯಿ ಹೋಯಿತು. ಉಳಿದದ್ದರ ಮೇಲೆ ನೂರಕ್ಕೆ ಮೂರರಂತೆ ದಲಾಲಿ, ಮತ್ತೆ 1,176. ನಮ್ಮ ರಾಜ್ಯದಲ್ಲಿ ದಲಾಲಿಯನ್ನು ಖರೀದಿದಾರ ಕೊಡಬೇಕು, ರೈತನಿಂದ ಹಿಡಿಯುವಂತಿಲ್ಲ. ಹಿಡಿದದ್ದು ಬಿಲ್ಲಿನಲ್ಲಿ ಕಂಡರೆ ಸಿಕ್ಕಿಬೀಳುತ್ತಾರೆ, ಅದಕ್ಕೇ ಈ ಚೀಟಿ. ಬಿತ್ತಿ, ಕಳೆ ತೆಗೆದು, ಮಳೆಗೆ ಹೆದರಿ ಒಣಗಿಸಿ ತಂದವನ ಕೈಯಿಂದ ಸುಮಾರು ಎರಡು ಸಾವಿರ ರೂಪಾಯಿ ಹೀಗೆ ಹೋಯಿತು. ದೂರು ಕೊಡಲು ಅವನ ಕೈಯಲ್ಲಿ ದಾಖಲೆಯೂ ಇಲ್ಲ.

ಇದು ತಪ್ಪೆಂದು ಹುಡುಗನಿಗೆ ಗೊತ್ತಿತ್ತು. ಅವನ ಅಪ್ಪನೂ ರೈತ. ಆದರೆ ಪಕ್ಕದಲ್ಲಿ ಕೂತ ಹಳೆಯ ಗುಮಾಸ್ತರು “ಎಲ್ಲಾ ಅಂಗಡ್ಯಾಗೂ ಇದs ನಡದೈತಿ, ನೀ ಸುಮ್ಮ ಬರಿ ತಮ್ಮಾ” ಎಂದಿದ್ದರು. ನಾನು ಒಂದು ಸೆಮಿಸ್ಟರ್ ಪೂರ್ತಿ ಮಾಡಿದ ಪಾಠಕ್ಕಿಂತ ಆ ಒಂದು ಮಾತಿಗೆ ಬಲ ಹೆಚ್ಚು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಕ್ಕದವರು ಏನು ಮಾಡುತ್ತಾರೆ, ಮಾಲೀಕರು ಯಾವುದಕ್ಕೆ ಸಿಟ್ಟಾಗುತ್ತಾರೆ, ಯಾವುದಕ್ಕೆ ಕಣ್ಣು ಮುಚ್ಚುತ್ತಾರೆ ಎಂಬುದನ್ನೇ ಹುಡುಗರು ನೋಡುತ್ತಾರೆ. ಅದೇ ಮುಂದೆ ಅವರ ರೂಢಿಯಾಗುತ್ತದೆ.

ದೊಡ್ಡವರ ಲೋಕದಲ್ಲೂ ಇದೇ ಕಥೆ. 2009ರ ಜನವರಿ 7ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಅಧ್ಯಕ್ಷ ರಾಮಲಿಂಗ ರಾಜು ಬರೆದ ತಪ್ಪೊಪ್ಪಿಗೆ ಪತ್ರ ನೆನಪಿಸಿಕೊಳ್ಳಿ. ಇದೆಯೆಂದು ಲೆಕ್ಕದಲ್ಲಿ ತೋರಿಸಿದ್ದ ಹಣದಲ್ಲಿ ಐದು ಸಾವಿರ ಕೋಟಿಗೂ ಹೆಚ್ಚು ಇರಲೇ ಇಲ್ಲ. ಅಸಲಿ ಲಾಭಕ್ಕೂ ತೋರಿಸಿದ ಲಾಭಕ್ಕೂ ಮೊದಲು ಇದ್ದದ್ದು ಸಣ್ಣ ಅಂತರ, ವರ್ಷದಿಂದ ವರ್ಷಕ್ಕೆ ಅದು ಬೆಳೆಯಿತು ಎಂದು ಅವರೇ ಬರೆದುಕೊಂಡಿದ್ದರು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕರೊಬ್ಬರು, ನಮ್ಮದೇ ದೇಶದ ಹೆಸರಾಂತ ಬಿಸಿನೆಸ್ ಸ್ಕೂಲಿನ ಡೀನ್ ಒಬ್ಬರು ಸತ್ಯಂನ ಆಡಳಿತ ಮಂಡಳಿಯಲ್ಲಿ ಕೂತಿದ್ದರು. ಒಳ್ಳೆಯ ಆಡಳಿತಕ್ಕೆಂದು 2008ರಲ್ಲಿ ಪ್ರಶಸ್ತಿಯೂ ಬಂದಿತ್ತು. ಪುಸ್ತಕದ ಅರಿವಿಗೆ ಅಲ್ಲಿ ಏನೂ ಕೊರತೆ ಇರಲಿಲ್ಲ. ಆ ಮೊದಲ ಸಣ್ಣ ಅಂತರದ ಹೊತ್ತಿಗೆ ಲೆಕ್ಕ ಬಲ್ಲ ಒಬ್ಬರಾದರೂ “ಇದನ್ನು ಹೀಗೆ ಬರೆಯುವುದು ಬೇಡ” ಎಂದು ಪೆನ್ನು ಕೆಳಗಿಟ್ಟಿದ್ದರೆ?

ಈ ಪೆನ್ನು ಕೆಳಗಿಡುವ ಕೆಲಸವನ್ನು ಹನ್ನೆರಡನೇ ಶತಮಾನದಲ್ಲೇ ಶರಣೆ ಆಯ್ದಕ್ಕಿ ಲಕ್ಕಮ್ಮ ಮಾಡಿ ತೋರಿಸಿದ್ದಳು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವನನ್ನು ತಡೆದು ವಾಪಸ್ ಸುರಿದು ಬರಲು ಕಳಿಸಿದಳು. ಶರಣರ ಕಥೆ ಎಂದು ಕೈಮುಗಿದು ನಾವು ಮುಂದೆ ಹೋಗುತ್ತೇವೆ. ನನಗೆ ಅದರಲ್ಲಿ ಕಾಣುವುದು ಕೆಲಸದ ಕ್ರಮ. ಹೆಚ್ಚಿಗೆ ಬಂದದ್ದು ಎಷ್ಟೆಂದು ಅಳೆಯುವ ಕಣ್ಣು ಮನೆಯಲ್ಲೊಂದು ಇತ್ತು. ಅದು ಅದೇ ದಿನ, ಹಿಡಿ ಅಕ್ಕಿಯ ಮಟ್ಟದಲ್ಲೇ ತಡೆಯಿತು. ತಡೆದದ್ದು ಹತ್ತಿರದವಳು, ಅವಳ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಅಂಥವರು ಈಗಲೂ ಇದ್ದಾರೆ. ನಮ್ಮಪ್ಪ ದುಡಿದ ಅಡತಿಯ ಸಾಹುಕಾರರಿಗೆ ಕಾಟಾದ (ತೂಕದ ಯಂತ್ರದ) ಮುಖ ರೈತನ ಕಡೆಗೇ ಇರಬೇಕಿತ್ತು. ಚೀಲ ಇಡುವ ಮೊದಲು ಹಮಾಲರು ಕಾಟಾ ಸೊನ್ನೆಗೆ ಬಂದದ್ದನ್ನು ತೋರಿಸಬೇಕು, ರೈತ ಹೂಂ ಅನ್ನಬೇಕು, ಆಮೇಲೆ ತೂಕ. ಸ್ಯಾಂಪಲ್ಲಿಗೆ ತೆಗೆದ ಕಾಳು ಅದೇ ಚೀಲಕ್ಕೆ ವಾಪಸ್ ಹೋಗಬೇಕು. ಅವರು ನೀತಿಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಅಲ್ಲಿ ಪಳಗಿದ ಹುಡುಗರಲ್ಲಿ ಕೆಲವರು ಮುಂದೆ ಸ್ವಂತ ಅಂಗಡಿ ಇಟ್ಟರು, ಅವರ ಕಾಟಾವೂ ರೈತನ ಕಡೆಗೇ ಮುಖ ಮಾಡಿದೆ.

ನನ್ನ ವಿದ್ಯಾರ್ಥಿ ಆ ಕೆಲಸ ಬಿಟ್ಟ. ಬಿಡಲಾಗದೆ ಬರೆಯುತ್ತಿರುವವರನ್ನು ನಾನು ಬೈಯುವುದಿಲ್ಲ. ಮನೆಯಲ್ಲಿ ಸಂಬಳಕ್ಕೆ ಕಾಯುವವರಿರುವಾಗ ಇಪ್ಪತ್ತೆರಡರ ಹುಡುಗನೊಬ್ಬನೇ ಇಡೀ ಅಂಗಡಿಯ ರೂಢಿಗೆ ಎದೆ ಕೊಡಬೇಕು ಎನ್ನುವುದು ಅನ್ಯಾಯ. ಆ ಭಾರ ಮಾಲೀಕರದ್ದು, ತಪಾಸಣೆಗೆ ಬಂದು ಚಹಾ ಕುಡಿದು ಹೋಗುವ ಅಧಿಕಾರಿಗಳದ್ದು, ಇಂಟರ್ನ್‌ಶಿಪ್ ಪತ್ರಕ್ಕೆ ಸೀಲು ಬಿದ್ದಿದೆಯೇ ಎಂದಷ್ಟೇ ನೋಡುವ ನಮ್ಮಂಥ ಮೇಷ್ಟ್ರುಗಳದ್ದು.

ಈ ಸಲ ಮಕ್ಕಳನ್ನು ಇಂಟರ್ನ್‌ಶಿಪ್‌ಗೆ ಕಳಿಸುವ ಮೊದಲು ಅಸಲಿ ಬಿಲ್ಲು ಮತ್ತು ಬಿಳಿ ಚೀಟಿ ಎರಡನ್ನೂ ಮುಂದಿಟ್ಟು ಲೆಕ್ಕ ಮಾಡಿಸುತ್ತೇನೆ. “ಇದನ್ನು ನಾನು ಬರೆಯುವುದಿಲ್ಲ” ಎಂದು ಸಾಹುಕಾರರಿಗೆ ಮರ್ಯಾದೆಯಿಂದ ಹೇಳುವುದನ್ನೂ ತರಗತಿಯಲ್ಲೇ ಬಾಯಿಬಿಟ್ಟು ಹೇಳಿಸಿ ಅಭ್ಯಾಸ ಮಾಡಿಸುತ್ತೇನೆ. ನಿಮ್ಮೂರಿನಲ್ಲಿ ಕಾಟಾ ರೈತನ ಕಡೆ ತಿರುಗಿಸಿಟ್ಟ ಅಂಗಡಿ ಇದ್ದರೆ ದಯವಿಟ್ಟು ತಿಳಿಸಿ. ಅಲ್ಲಿಗೆ ನಮ್ಮ ಮಕ್ಕಳನ್ನು ಕಳಿಸಬೇಕು.