ಆ ರೀಲಿನಲ್ಲಿ ಇದ್ದದ್ದು ಅರ್ಧ ಹಾಡು

ಹೋದ ತಿಂಗಳು ಕ್ಲಾಸು ಮುಗಿದ ಮೇಲೆ ಬಿ.ಕಾಂ. ಕೊನೇ ವರ್ಷದ ಹುಡುಗಿಯೊಬ್ಬಳು ನನ್ನ ಟೇಬಲ್ ಹತ್ತಿರ ಬಂದು ಮೊಬೈಲ್ ಹಿಡಿದಳು. "ಮೇಡಂ, ಇದನ್ನ ಒಂಚೂರು ಕೇಳಿ." ಗೋಕರ್ಣದ ಕಡೆಯ ಒಂದು ರೆಸಾರ್ಟಿನ ರೀಲು. 30 ಸೆಕೆಂಡಿನದು. ಸಮುದ್ರ, ತೆಂಗಿನ ಮರಕ್ಕೆ ಕಟ್ಟಿದ ಜೋಲಿ, ತಟ್ಟೆಯಲ್ಲಿ ಹುರಿದ ಮೀನು. ಹಿಂದೆ ವಯಸ್ಸಾದ ಹೆಂಗಸಿನ ದನಿಯಲ್ಲಿ ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗರ ಹಾಡು, ಅದರ ಕೆಳಗೆ ಮೆಲ್ಲಗೆ ಗಿಟಾರ್. "ಚೆನ್ನಾಗಿದೆಯಲ್ಲ" ಎಂದೆ.

"ಅದು ನಮ್ಮಜ್ಜಿ ಮೇಡಂ" ಎಂದಳು.

ಕುಮಟಾ ಸೀಮೆಯ ಕಾಲೇಜೊಂದರಲ್ಲಿ ನಾನು ಮಾರ್ಕೆಟಿಂಗ್ ಪಾಠ ಮಾಡುತ್ತೇನೆ. ಜಾಹೀರಾತಿನಲ್ಲಿ ಸಂಗೀತ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಪ್ರತಿ ವರ್ಷವೂ ಹೇಳಿಕೊಡುತ್ತೇನೆ, ಇಷ್ಟಪಟ್ಟು ಹೇಳಿಕೊಡುತ್ತೇನೆ. ಆದರೆ ಆ ದಿನ ಅವಳಿಗೆ ಹೇಳುವಂಥದ್ದು ನನ್ನ ಪಾಠದಲ್ಲಿ ಏನೂ ಇರಲಿಲ್ಲ. ಅವತ್ತಿನಿಂದ ಇದು ತಲೆಯಲ್ಲಿ ಕೊರೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗುತ್ತದೆ.

ನಾವು ಕಲಿಸುವುದು ಏನು ಅಂತ ಮೊದಲು ಹೇಳುತ್ತೇನೆ. 1982ರಲ್ಲಿ ರೊನಾಲ್ಡ್ ಮಿಲಿಮನ್ ಎಂಬ ಸಂಶೋಧಕರು ಅಮೆರಿಕದ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ಕೆಲವು ದಿನ ನಿಧಾನದ ಸಂಗೀತ, ಕೆಲವು ದಿನ ವೇಗದ ಸಂಗೀತ ಹಾಕಿಸಿ ನೋಡಿದರು. ನಿಧಾನದ ಸಂಗೀತ ಇದ್ದಾಗ ಜನ ನಿಧಾನವಾಗಿ ನಡೆದರು, ವ್ಯಾಪಾರ ವೇಗದ ಸಂಗೀತದ ದಿನಗಳಿಗಿಂತ 38 ಪರ್ಸೆಂಟ್ ಜಾಸ್ತಿ ಆಯಿತು. ಇದನ್ನು ಹೇಳಿದ ಮಾರನೇ ದಿನ ಹುಡುಗರು ಪೇಟೆಯ ಅಂಗಡಿಗಳಿಗೆ ಹೋಗಿ ಯಾವ ಹಾಡು ಹಾಕಿದ್ದಾರೆ ಅಂತ ಕಿವಿಗೊಟ್ಟು ಬರುತ್ತಾರೆ. ಪಾಠ ಮಾಡುವವರಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ಅದೇ ವರ್ಷದ ಇನ್ನೊಂದು ಪ್ರಯೋಗ ಇದೆ. ಕೆನಡಾದ ಮಾರ್ಕೆಟಿಂಗ್ ಪ್ರಾಧ್ಯಾಪಕ ಜೆರಾಲ್ಡ್ ಗಾರ್ನ್ ಮಾಡಿದ್ದು. ತರಗತಿಯಲ್ಲಿ ಹುಡುಗರಿಗೆ ಒಂದು ಪೆನ್ನಿನ ಚಿತ್ರ ತೋರಿಸಿ ಸಂಗೀತ ಕೇಳಿಸಿದರು. ಕೆಲವರಿಗೆ ಇಷ್ಟದ ಸಂಗೀತ, ಕೆಲವರಿಗೆ ಇಷ್ಟವಿಲ್ಲದ್ದು. ಆಮೇಲೆ ತಿಳಿ ನೀಲಿ, ತಿಳಿ ಕಂದು ಬಣ್ಣದ ಎರಡು ಥರದ ಪೆನ್ನು ಇಟ್ಟು, ಬೇಕಾದ್ದು ತಗೊಳ್ಳಿ ಎಂದರು. ಇಷ್ಟದ ಸಂಗೀತ ಕೇಳಿದವರಲ್ಲಿ 10ಕ್ಕೆ 8 ಮಂದಿ ಚಿತ್ರದಲ್ಲಿ ನೋಡಿದ ಬಣ್ಣದ್ದನ್ನೇ ತಗೊಂಡರು. ಇಷ್ಟವಿಲ್ಲದ್ದು ಕೇಳಿದವರಲ್ಲಿ 10ಕ್ಕೆ ಮೂವರೇ. 1989ರಲ್ಲಿ ಬೇರೆ ಸಂಶೋಧಕರು ಇದನ್ನೇ ಮತ್ತೆ ಮಾಡಿ ನೋಡಿದಾಗ ಹಾಗೆ ಬರಲಿಲ್ಲ, ಅದು ಬೇರೆ ಮಾತು. ಗಾರ್ನ್ ಅವರ ಪ್ರಯೋಗವನ್ನು ಇವತ್ತಿಗೂ ಪಾಠದಲ್ಲಿ ಹೇಳುತ್ತೇವೆ.

ನಾನು ಓದಿದ ಪಠ್ಯಪುಸ್ತಕದಲ್ಲಿ "ಇಷ್ಟವಿಲ್ಲದ ಸಂಗೀತ" ಎಂದಷ್ಟೇ ಇತ್ತು. ಎಷ್ಟೋ ವರ್ಷದ ಮೇಲೆ ಮೂಲ ಲೇಖನ ಸಿಕ್ಕಿತು. ಆ ಹುಡುಗರಿಗೆ ಇಷ್ಟವಾಗುವುದಿಲ್ಲ ಎಂದು ಆರಿಸಿದ್ದು ಯಾವುದನ್ನು ಗೊತ್ತಾ? ಭಾರತೀಯ ಶಾಸ್ತ್ರೀಯ ಸಂಗೀತವನ್ನು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಶಿರಸಿ, ಯಲ್ಲಾಪುರ, ಹೊನ್ನಾವರದ ಮನೆ ಮನೆಯಲ್ಲಿ ಹಿಂದೂಸ್ತಾನಿ ಕೇಳುವವರಿದ್ದಾರೆ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೂ ರಾತ್ರಿ ಜಮಖಾನೆ ಮೇಲೆ ಕೂತು ಬೆಳಗಿನ ಭೈರವಿ ಮುಗಿಸಿಯೇ ಏಳುವವರಿದ್ದಾರೆ. ಅವರ ನಡುವೆ ಬೆಳೆದ ನನಗೆ ಅದನ್ನು ಓದಿ ಹೇಗೋ ಆಯಿತು. ಗಾರ್ನ್ ಮೇಲೆ ಸಿಟ್ಟಿಲ್ಲ. ಅವರಿಗೆ ಆ ಹುಡುಗರಿಗೆ ಹಿಡಿಸದ ಸಂಗೀತ ಬೇಕಿತ್ತು, ಅದು ಸಿಕ್ಕಿತು. ಆದರೆ ಆ ಒಂದು ನಿಮಿಷದ ಸಂಗೀತದ ಹಿಂದೆ ಯಾರದೋ ಹತ್ತಾರು ವರ್ಷದ ರಿಯಾಜ್ ಇತ್ತಲ್ಲ. ಪೆನ್ನಿನ ಬಣ್ಣ ಆರಿಸುವ ಪ್ರಯೋಗಕ್ಕೆ ಅದು ಬೇಕಿಲ್ಲ. ನಮ್ಮ ವಿಷಯದಲ್ಲಿ ಹಾಡು ಎಂದರೆ ಅಂಗಡಿಯ ಲೈಟು, ಗೋಡೆಯ ಬಣ್ಣ ಇದ್ದ ಹಾಗೆ ಒಂದು ಸಾಮಾನು. ಕೇಳುವವನು ಏನು ಕೊಂಡ ಎಂದು ನಾವು ಕೇಳುತ್ತೇವೆ. ಹಾಡಿದವರಿಗೆ ಏನು ಸಿಕ್ಕಿತು ಎಂದು ನಾನು ಇಷ್ಟು ವರ್ಷ ಒಂದು ದಿನವೂ ಕ್ಲಾಸಿನಲ್ಲಿ ಕೇಳಿಲ್ಲ.

ಆ ಭಾನುವಾರ ಹುಡುಗಿಯ ಜೊತೆ ಅವರ ಮನೆಗೆ ಹೋದೆ. ಅಂಕೋಲಾ ಕಡೆಯ ಒಂದು ಊರು. ಮಳೆ ಆಗಷ್ಟೇ ಬಿಟ್ಟಿತ್ತು. ಅಜ್ಜಿ ಜಗಲಿಯಲ್ಲಿ ಕೂತು ಮರುದಿನದ ಪೇಟೆಗೆ ಹರಿವೆ ಸೊಪ್ಪನ್ನು ಬಾಳೆ ನಾರಿನಿಂದ ಕಟ್ಟುತ್ತಿದ್ದರು. ಕೊರಳ ತುಂಬ ಮಣಿಸರ. ಮೊಮ್ಮಗಳು ರೀಲು ಹಾಕಿದಳು. ಅಜ್ಜಿ ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟು ಕೇಳಿದರು. "ಇನ್ನೊಂದ್ ಸಲ ಹಾಕು" ಎಂದರು. ಎರಡನೇ ಸಲ ಕಣ್ಣು ಮುಚ್ಚಿಕೊಂಡು ಕೇಳಿದರು. ಆಮೇಲೆ ನನ್ನನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ.

"ಅವ್ಳು ಎಲ್ಲಿ ಅಕ್ಕೋರೇ?"

ನನಗೆ ತಕ್ಷಣ ತಿಳಿಯಲಿಲ್ಲ. ಆ ಹಾಡನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬರು ಸಾಲು ಹೇಳುತ್ತಾರೆ, ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳುವ ದನಿ ಮುಗಿಯುವ ಮೊದಲೇ ಮುಂದಿನ ಸಾಲು ಶುರುವಾಗುತ್ತದೆ, ಹಾಗಾಗಿ ಹಾಡು ಎಲ್ಲಿಯೂ ನಿಲ್ಲುವುದಿಲ್ಲ. ಅಜ್ಜಿಯ ಜೊತೆ ಎತ್ತಿಕೊಳ್ಳುತ್ತಿದ್ದದ್ದು ಅವರ ನಾದಿನಿ. ಎರಡು ವರ್ಷದ ಹಿಂದೆ ಯಾರೋ ಇಬ್ಬರು ಹುಡುಗರು ಬಂದು, ಹಳೇ ಹಾಡು ಉಳಿಸುತ್ತೇವೆ ಎಂದು ಹೇಳಿ ಇದೇ ಜಗಲಿಯಲ್ಲಿ ಇಬ್ಬರದ್ದೂ ರೆಕಾರ್ಡ್ ಮಾಡಿಕೊಂಡು, ಇಬ್ಬರಿಗೂ ಒಂದೊಂದು ಸೀರೆ ಕೊಟ್ಟು ಹೋಗಿದ್ದರಂತೆ. ರೀಲಿನಲ್ಲಿ ನಾದಿನಿಯ ದನಿ ಕತ್ತರಿಸಿ ಆ ಜಾಗಕ್ಕೆ ಗಿಟಾರ್ ಹಾಕಿದ್ದಾರೆ. ಹಾಡು ಮದುಮಗಳನ್ನು ಕಳಿಸಿಕೊಡುವಾಗಿನದ್ದು. ಅದು ಅಳಿಸುವ ಹಾಡು. ಅದರ ಮೇಲೆ ಜೋಲಿ, ಹುರಿದ ಮೀನು.

ಹುಡುಗಿ ರೆಸಾರ್ಟಿಗೆ ಫೋನ್ ಮಾಡಿದ್ದಳು. "ನೆಟ್‌ನಲ್ಲಿ ಸಿಕ್ತು, ಜಾನಪದಕ್ಕೆ ಯಾರ ಹಕ್ಕೂ ಇರಲ್ಲ" ಎಂದರಂತೆ. ಇದನ್ನು ತುಂಬಾ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಟ್ಟಿದವರು ಯಾರೆಂದು ಗೊತ್ತಿಲ್ಲದ ಹಳೇ ಹಾಡಿಗೆ ಕವಿಯ ಹಕ್ಕು ಇಲ್ಲದಿರಬಹುದು. ಆದರೆ ಹಾಡಿದವರಿಗೆ ಅವರದೇ ಹಕ್ಕು ಇದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೇ ಇದೆ. ಹಾಡುವವರು, ನುಡಿಸುವವರು, ಕುಣಿಯುವವರು ಎಲ್ಲರೂ ಅದರಲ್ಲಿ ಬರುತ್ತಾರೆ. ಆ ಹಕ್ಕು 50 ವರ್ಷ ಇರುತ್ತದೆ. 2012ರ ತಿದ್ದುಪಡಿ ಅದನ್ನು ಇನ್ನೂ ಗಟ್ಟಿ ಮಾಡಿತು. ಹಾಡಿದ್ದು ಇವರು ಎಂದು ಹೆಸರು ಹೇಳಿಸಿಕೊಳ್ಳುವ ಹಕ್ಕು, ತನ್ನ ಹೆಸರು ಕೆಡುವಂತೆ ಹಾಡನ್ನು ತುಂಡರಿಸಿದರೆ ತಡೆಯುವ ಹಕ್ಕು ಎರಡೂ ಸೇರಿದವು. ಪಾಠಕ್ಕೆ, ಸಂಶೋಧನೆಗೆ ವಿನಾಯಿತಿ ಇದೆ. ರೆಸಾರ್ಟಿನ ರೂಮು ತುಂಬಿಸುವುದು ಪಾಠವೂ ಅಲ್ಲ, ಸಂಶೋಧನೆಯೂ ಅಲ್ಲ.

ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಒಬ್ಬರು, ಒಳ್ಳೇ ಮನಸ್ಸಿನಿಂದಲೇ, "ಹೋಗ್ಲಿ ಬಿಡಿ, ಪ್ರಚಾರ ಆಯ್ತಲ್ಲ. ಚೆನ್ನಾಗಿದ್ರೆ ಜನ ತಾವಾಗೇ ಹುಡುಕ್ಕೊಂಡು ಬರ್ತಾರೆ" ಎಂದರು. ಈ ಮಾತನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಮೆರಿಕದಲ್ಲಿ ಸಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಯಾರೂ ಕೇಳಿರದ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಟ್ಟರು. ಒಂದು ಗುಂಪಿಗೆ ಬೇರೆಯವರು ಏನು ಕೇಳುತ್ತಿದ್ದಾರೆ ಎಂದು ತೋರಿಸಲಿಲ್ಲ. ಉಳಿದ ಎಂಟು ಗುಂಪುಗಳಲ್ಲಿ ತಮ್ಮ ತಮ್ಮ ಗುಂಪಿನವರು ಯಾವ ಹಾಡನ್ನು ಎಷ್ಟು ಸಲ ಡೌನ್‌ಲೋಡ್ ಮಾಡಿದ್ದಾರೆ ಎಂದು ಕಾಣುತ್ತಿತ್ತು. 2006ರಲ್ಲಿ ಬಂದ ಆ ಲೇಖನ ಓದಿ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಎಣಿಕೆ ಕಾಣದ ಗುಂಪಿನಲ್ಲಿ 26ನೇ ಜಾಗದಲ್ಲಿದ್ದ ಒಂದು ಹಾಡು, ಎಣಿಕೆ ಕಾಣುವ ಒಂದು ಗುಂಪಿನಲ್ಲಿ ಮೊದಲನೆಯದ್ದಾಯಿತು, ಇನ್ನೊಂದರಲ್ಲಿ 40ನೆಯದ್ದಾಯಿತು. ಹಾಡು ಅದೇ. ತುಂಬಾ ಚೆನ್ನಾಗಿರುವುದು ಪೂರ್ತಿ ಮುಳುಗುವುದು ಕಡಿಮೆ, ತೀರಾ ಸಪ್ಪೆಯಾದ್ದು ಗೆಲ್ಲುವುದೂ ಕಡಿಮೆ. ನಡುವಿನದ್ದೆಲ್ಲ ಮೊದಲು ಬಂದವರು ಯಾವ ಕಡೆ ತಿರುಗಿದರೋ ಆ ಕಡೆ.

ಜನ ಸೇರಿದ ಕಡೆ ಜನ ಸೇರುತ್ತಾರೆ, ಸರಿ. ಆದರೆ ಅವರು ಸೇರುವುದು ರೀಲು ಹಾಕಿದವರ ಪುಟಕ್ಕೆ. ಅಜ್ಜಿಯ ಹೆಸರೇ ಇಲ್ಲದ ಮೇಲೆ ಅಜ್ಜಿಯನ್ನು ಹುಡುಕಿಕೊಂಡು ಬರುವುದು ಹೇಗೆ?

ನಮ್ಮಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿ ಯಕ್ಷಗಾನದ ಕ್ಯಾಸೆಟ್ಟುಗಳಿದ್ದವು. ಯಕ್ಷಗಾನದಲ್ಲಿ ಹಾಡುವ ಭಾಗವತರಾಗಿದ್ದ ಕಾಳಿಂಗ ನಾವಡರದ್ದು ಜಾಸ್ತಿ. ನಾವಡರು 1990ರಲ್ಲಿ ತೀರಿಕೊಂಡರು, ಆದರೆ ಅವರ ದನಿ ನಮ್ಮ ಮನೆಯಲ್ಲಿ ಆಮೇಲೂ ಎಷ್ಟೋ ವರ್ಷ ಇತ್ತು. ಪೀಟರ್ ಮ್ಯಾನುಯೆಲ್ ಎಂಬ ವಿದ್ವಾಂಸರು ಉತ್ತರ ಭಾರತದ ಕ್ಯಾಸೆಟ್ಟುಗಳ ಬಗ್ಗೆ 1993ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಕ್ಯಾಸೆಟ್ ಅಗ್ಗ, ಹಾಗಾಗಿ ದೊಡ್ಡ ಕಂಪನಿ, ಸಿನಿಮಾ ಹಾಡು ಎಂಬ ಹಿಡಿತ ಸಡಿಲವಾಗಿ ಊರೂರಿನ ಹಾಡು ಪೇಟೆಗೆ ಬಂತು, ಕಳ್ಳ ಕ್ಯಾಸೆಟ್ಟೂ ಜೊತೆಗೇ ಬಂತು ಎಂದು ತೋರಿಸುತ್ತಾರೆ. ಓದುವಾಗ ಅಪ್ಪನ ಪೆಟ್ಟಿಗೆಯೇ ಕಣ್ಣ ಮುಂದೆ ಬಂತು. ಆ ಕ್ಯಾಸೆಟ್ಟುಗಳ ಕವರ್ ಮೇಲೆ ಭಾಗವತರು ಯಾರು, ಮದ್ದಳೆ ಯಾರು, ಚಂಡೆ ಯಾರು ಎಂದು ಬರೆದಿರುತ್ತಿತ್ತು. ನಾನು ಎಷ್ಟೋ ಹೆಸರು ಕಲಿತದ್ದು ಹಾಗೆ. ರೀಲಿಗೆ ಕವರ್ ಇಲ್ಲ.

ಹಾಡುವವರ ಕಡೆಯಿಂದ ನೋಡಿದ ಸಂಶೋಧನೆ ಇಲ್ಲ ಎಂದಲ್ಲ. ಅದು ನಮ್ಮ ಡಿಪಾರ್ಟ್‌ಮೆಂಟಿನ ಕಪಾಟಿನಲ್ಲಿಲ್ಲ, ಅಷ್ಟೇ. ಹೋವರ್ಡ್ ಬೆಕರ್ ಎಂಬ ಸಮಾಜಶಾಸ್ತ್ರಜ್ಞರು ಸ್ವತಃ ಪಿಯಾನೋ ನುಡಿಸಿ ದುಡಿದವರು. ಕಲೆ ಒಬ್ಬನಿಂದ ಆಗುವುದಲ್ಲ, ವಾದ್ಯ ಮಾಡುವವನಿಂದ ಹಿಡಿದು ಟಿಕೆಟ್ ಹರಿಯುವವನ ತನಕ ಎಲ್ಲರೂ ಸೇರಿ ಮಾಡುವ ಕೆಲಸ ಎಂದು 1982ರಲ್ಲೇ ಬರೆದರು. ಗುಣವಂತೆಯ ಕೆರೆಮನೆ ಯಕ್ಷಗಾನ ಮೇಳ 1934ರಿಂದ ಇದೆ. ಯಾವುದೇ ಮೇಳದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಒಂದು ರಾತ್ರಿ ಕೂತು ನೋಡಿ. ಬಣ್ಣ ಅರೆಯುವವರು, ಕಿರೀಟದ ಪೆಟ್ಟಿಗೆ ಹೊರುವವರು, ವೇಷ ಬಿಗಿಯುವವರು. ಬೆಕರ್ ಹೇಳಿದ್ದು ನಮಗೆ ಹೊಸದೇನಲ್ಲ. ಮಳೆಗಾಲದಲ್ಲಿ ತಿರುಗಾಟ ನಿಂತಾಗ ಇವರೆಲ್ಲ ಏನು ಉಣ್ಣುತ್ತಾರೆ ಎಂದು ಲೆಕ್ಕ ಹಾಕುವುದು ನಮ್ಮ ಕಾಮರ್ಸ್ ಹುಡುಗರಿಗೆ ಬರಬೇಕಾದ ಲೆಕ್ಕ ತಾನೇ? ಇಂಗ್ಲೆಂಡಿನಲ್ಲಿ ಹೆಸ್ಮಂಡಾಲ್ಶ್ ಮತ್ತು ಬೇಕರ್ ಟಿವಿ, ಸಂಗೀತ, ಪತ್ರಿಕೆಗಳಲ್ಲಿ ದುಡಿಯುವವರನ್ನು ಮಾತಾಡಿಸಿ 2011ರಲ್ಲಿ ಬರೆದರು. ಕೆಲಸದ ಮೇಲಿನ ಪ್ರೀತಿಯೇ ಅವರನ್ನು ಕಡಿಮೆ ದುಡ್ಡಿಗೆ, ಹೊತ್ತು ಗೊತ್ತಿಲ್ಲದ ದುಡಿಮೆಗೆ ಒಪ್ಪಿಸಿಬಿಡುತ್ತದೆ ಎನ್ನುವುದು ಅಲ್ಲಿ ಕಾಣುತ್ತದೆ. ನಮ್ಮ ಭಾಗವತರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಹಾಡು ಬರೆದಿಟ್ಟುಕೊಳ್ಳುವ ಕೆಲಸವನ್ನು ನಮ್ಮ ಜಿಲ್ಲೆಯವರು ದೊಡ್ಡದಾಗಿಯೇ ಮಾಡಿದ್ದಾರೆ. ಎಲ್. ಆರ್. ಹೆಗಡೆ, ಎನ್. ಆರ್. ನಾಯಕ, ಶಾಂತಿ ನಾಯಕ ಇವರೆಲ್ಲ ಊರೂರು ಸುತ್ತಿ ಹಾಡು ಕೂಡಿಸಿದರು. ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಅಂಕೋಲೆಗೆ ಅಂಕೋಲೆಯೇ ಹೆಮ್ಮೆಪಟ್ಟಿತು. 2025ರಲ್ಲಿ ಅವರು ಹೋದರು. ಅವರಂತೆ ಹಾಡು ತುಂಬಿಕೊಂಡ ಎಷ್ಟೋ ಅಜ್ಜಿಯರು ಇವತ್ತೂ ಪೇಟೆಯಲ್ಲಿ ಸೊಪ್ಪು ಇಟ್ಟುಕೊಂಡು ಕೂತಿದ್ದಾರೆ. ಹಾಡನ್ನು ಬರೆದುಕೊಂಡೆವು. ಹಾಡುವುದು ಒಂದು ಕೆಲಸ, ಅದಕ್ಕೆ ಹೊತ್ತು ಬೇಕು, ಗಂಟಲು ಬೇಕು, ಕಲಿಸಿದವರು ಬೇಕು ಎಂದು ಬರೆದುಕೊಳ್ಳುವುದು ಬಾಕಿ ಇದೆ.

ಈ ವರ್ಷ ಪ್ರಾಜೆಕ್ಟಿಗೆ ಅದನ್ನೇ ಕೊಟ್ಟಿದ್ದೇನೆ. ಹಾಡು ಯಾರಿಂದ ಕಲಿತಿರಿ, ಯಾವ ಮನೆಯವರು ಕರೆಯುತ್ತಾರೆ, ಅಕ್ಕಿ ಕಾಯಿ ಕೊಟ್ಟರೋ ದುಡ್ಡು ಕೊಟ್ಟರೋ, ಯಾರು ರೆಕಾರ್ಡ್ ಮಾಡಿಕೊಂಡು ಹೋದರು, ಆಮೇಲೆ ಅದು ಎಲ್ಲಿ ಹೋಯಿತು. ಇಷ್ಟೇ ಪ್ರಶ್ನೆ. ಹುಡುಗರು ಮೊದಲ ವಾರವೇ ಒಂದು ಕಷ್ಟ ಹೊತ್ತು ತಂದರು. "ಮದುವೆ ಹಾಡಿಗೆ ದುಡ್ಡು ತಗೊಳ್ಳೋದಾ, ಛೇ" ಎಂದು ಬೈಸಿಕೊಂಡು ಬಂದಿದ್ದರು. ಆ ಛೇ ಅನ್ನುವುದಕ್ಕೆ ನಾನು ಕೈಮುಗಿಯುತ್ತೇನೆ. ಮದುವೆ ಮನೆಗೆ ಹಾಡುವುದು ಒಬ್ಬರಿಗೊಬ್ಬರು ಆಗುವ ಸಂಬಂಧ, ಅದಕ್ಕೆ ಬೆಲೆ ಕಟ್ಟುವುದು ಬೇಡ. ಆದರೆ ಅದೇ ಹಾಡಿನ ಮೇಲೆ ಯಾರೋ ರೂಮಿನ ಬಾಡಿಗೆ ಎಣಿಸುತ್ತಿದ್ದಾರೆ ಎಂದಾದರೆ, ಬೆಲೆ ಆಗಲೇ ಕಟ್ಟಿಯಾಗಿದೆ, ಹಾಡಿದವರನ್ನು ಬಿಟ್ಟು. ಆ ವ್ಯತ್ಯಾಸವನ್ನು ಪ್ರಾಜೆಕ್ಟಿನಲ್ಲಿ ಬೇರೆ ಬೇರೆ ಕಾಲಂ ಮಾಡಿ ಬರೆಯಿರಿ ಎಂದಿದ್ದೇನೆ.

ರೆಸಾರ್ಟಿಗೆ ಒಂದು ಪತ್ರ ತಯಾರು ಮಾಡಿದೆವು, ಕನ್ನಡದಲ್ಲಿ, ಒಂದೇ ಪುಟ. ಹಾಡಿದವರ ಹೆಸರು ಹಾಕಿ, ಇಲ್ಲವೇ ರೀಲು ತೆಗೆಯಿರಿ, ಬಳಸಿದ್ದಕ್ಕೆ ಏನು ಕೊಡುತ್ತೀರಿ ಹೇಳಿ ಎಂದು. ಹೋದ ವಾರ ಅಜ್ಜಿಗೆ ಓದಿ ಹೇಳಿ ಹೆಬ್ಬೆಟ್ಟಿಗೆ ಇಂಕಿನ ಪ್ಯಾಡ್ ಮುಂದಿಟ್ಟೆ. ಅಜ್ಜಿ ಕೈ ಮುಂದೆ ಮಾಡಲಿಲ್ಲ. "ನನ್ ಹೆಸ್ರು ಒಂದೇ ಬರ್ದೀರಿ" ಎಂದರು. "ಎತ್ಕಂಡವಳದ್ದೂ ಬರೀರಿ. ಅವ್ಳು ಬೆಟ್ಟು ಒತ್ತಿದ್ ಮೇಲೆ ನಾನ್ ಒತ್ತತೆ."

ನಾದಿನಿ ಈಗ ಹೊನ್ನಾವರದ ಕಡೆ ಮಗಳ ಮನೆಯಲ್ಲಿದ್ದಾರೆ. ಪತ್ರದಲ್ಲಿ ಎರಡು ಹೆಸರು ಬರೆದಾಗಿದೆ. ಈ ಭಾನುವಾರ ಬೆಳಿಗ್ಗೆ ಅಜ್ಜಿಯನ್ನೂ ಕರೆದುಕೊಂಡು ಹೋಗುತ್ತಿದ್ದೇವೆ.