ಉಪ್ಪಾಗೆ ಹೋಯ್ತು, ಕ್ಯಾಪ್ಸೂಲ್ ಬಂತು

ನಮ್ಮ ಹೊಟ್ಟೆ ಕರಗಿಸುವ ಚಿಂತೆ ಈಗ ನಮಗಿಂತ ಜಾಸ್ತಿ ಮಾರುವವರಿಗೆ. ಫೋನ್ ತೆಗೆದರೆ ಸಾಕು, ‘ಮಲಗಿದ್ದಾಗಲೂ ಫ್ಯಾಟ್ ಬರ್ನ್’ ಅನ್ನುವ ಡಬ್ಬಿ ಎದುರಿಗೆ ಬಂದು ನಿಲ್ಲುತ್ತದೆ. ಮಲಗುವುದರಲ್ಲಿ ನಾವು ಪಳಗಿದವರೇ. ಹಾಗಾಗಿ ಕ್ಯಾಪ್ಸೂಲೊಂದು ಬಾಕಿ.

ಆ ಡಬ್ಬಿಗಳಲ್ಲಿ ಬಹುಕಾಲದ ಹೀರೋ ಗಾರ್ಸೀನಿಯಾ ಕಾಂಬೋಜಿಯಾ. ಬೇರೆ ಯಾರೂ ಅಲ್ಲ, ಶಿರಸಿ, ಸಿದ್ದಾಪುರದ ಕಾಡಿನ ನಮ್ಮ ಉಪ್ಪಾಗೆ. ಮಳೆಗಾಲದಲ್ಲಿ ಹಣ್ಣು ಕೊಯ್ದು ತರುತ್ತಾರೆ. ಆಗ ಬಿಸಿಲೆಲ್ಲಿ? ಸಿಪ್ಪೆ ಬಿಡಿಸಿ ಬೆಂಕಿ, ಹೊಗೆಯ ಮೇಲೆ ಕಪ್ಪಗಾಗುವವರೆಗೂ ಒಣಗಿಸಬೇಕು. ಸಿಪ್ಪೆ ವ್ಯಾಪಾರಕ್ಕೆ ಹೋಗುತ್ತದೆ. ಬೀಜದಿಂದ ತುಪ್ಪ ತೆಗೆಯುತ್ತಾರೆ. ಹೌದು, ತುಪ್ಪ. ಒಂದೇ ಹಣ್ಣು ನೋಡಿ: ಸಿಪ್ಪೆ ನುಂಗಿದ ಪರದೇಶದವರ ಕೊಬ್ಬು ಕರಗಬೇಕು, ಬೀಜ ಇಟ್ಟುಕೊಂಡ ಊರಿನವರಿಗೆ ಕೊಬ್ಬು ಸಿಗಬೇಕು.

ಕೊಡಗಿನವರು ಇದೇ ಹಣ್ಣಿನ ರಸವನ್ನು ಕುದಿಸಿ, ಬತ್ತಿಸಿ ಕಾಚಂಪುಳಿ ಮಾಡುತ್ತಾರೆ. ಅದನ್ನು ಹಾಕುವುದು ಎಲ್ಲಿಗೆ? ಪಂದಿ ಕರಿಗೆ. ಹಂದಿಯ ಕೊಬ್ಬಿನ ಮೇಲೆ ನೇರವಾಗಿ, ಕೆಳಗೆ ಬೆಂಕಿ ಬೇರೆ. ಇದಕ್ಕಿಂತ ಕಠಿಣವಾದ ಪರೀಕ್ಷೆ ಯಾವ ಲ್ಯಾಬಿನಲ್ಲೂ ನಡೆದಿರಲಾರದು. ಕೊಬ್ಬು ಮಾತ್ರ ತುಂಡಿಗೆ ಅಂಟಿಕೊಂಡೇ ತಟ್ಟೆಗೆ ಬರುತ್ತದೆ. ಬರದಿದ್ದರೆ ಊಟಕ್ಕೆ ಕೂತವರು ಜಗಳಕ್ಕೆ ಬರುತ್ತಿದ್ದರು.

ಹಾಗಂತ ವಿಜ್ಞಾನ ಪೂರಾ ಸುಳ್ಳಲ್ಲ. ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ತಿಂದ ಹಿಟ್ಟು, ಸಕ್ಕರೆಯನ್ನು ಮೈ ಕೊಬ್ಬಾಗಿಸುವಾಗ ಒಂದು ಕಿಣ್ವ ಬೇಕಲ್ಲ, ಅದಕ್ಕೆ ಇದು ಅಡ್ಡಗಾಲು ಹಾಕುತ್ತದೆ. ಇಲಿಗಳಲ್ಲಿ ಕೆಲಸವನ್ನೂ ಮಾಡಿತು. ಇಲಿ ಪಾಪ, ಕಾಳು ತಿಂದು ಕೊಬ್ಬು ಸ್ವಂತ ತಯಾರಿಸಿಕೊಳ್ಳುವ ಪ್ರಾಣಿ. ನಾವು ಅಷ್ಟು ಕಷ್ಟಪಡುವ ಜಾತಿಯಲ್ಲ. ಬೋಂಡಾ, ಮಿರ್ಚಿ ಮೂಲಕ ರೆಡಿಮೇಡ್ ಕೊಬ್ಬನ್ನೇ ಒಳಗೆ ಇಳಿಸುತ್ತೇವೆ.

1998ರಲ್ಲಿ ನ್ಯೂಯಾರ್ಕಿನ ವೈದ್ಯರು 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು. ಅರ್ಧದಷ್ಟು ಜನರಿಗೆ ಗಾರ್ಸೀನಿಯಾ, ಉಳಿದವರಿಗೆ ಸತ್ವವಿಲ್ಲದ ಹುಸಿ ಮಾತ್ರೆ. ಎಲ್ಲರಿಗೂ ಊಟದಲ್ಲಿ ಪಥ್ಯ. ಗಾರ್ಸೀನಿಯಾದವರು ಸರಾಸರಿ 3.2 ಕೆಜಿ ಇಳಿದರು. ಹುಸಿ ಮಾತ್ರೆಯವರು 4.1 ಕೆಜಿ! ಲೆಕ್ಕ ಬಲ್ಲವರು ಇದು ವ್ಯತ್ಯಾಸವೇ ಅಲ್ಲ ಅನ್ನುತ್ತಾರೆ, ಒಪ್ಪೋಣ. ಆದರೆ ವ್ಯಾಪಾರದ ದೃಷ್ಟಿಯಿಂದ ಯೋಚಿಸಿ. ಗೆದ್ದ ಮಾತ್ರೆಯನ್ನು ಮೂಲೆಗೆ ಹಾಕಿ, ಸೋತ ಮಾತ್ರೆಯನ್ನು ಲೋಕಕ್ಕೆಲ್ಲ ಮಾರಿದರು. ಗಾರ್ಸೀನಿಯಾ ಇದ್ದ ಮಾತ್ರೆ ತಿಂದು ಲಿವರ್ ಕೆಡಿಸಿಕೊಂಡವರ ವರದಿಗಳೂ ವೈದ್ಯರ ಪತ್ರಿಕೆಗಳಲ್ಲಿವೆ. ಹುಸಿ ಮಾತ್ರೆಗೆ ಆ ಕೆಟ್ಟ ಹೆಸರೂ ಇರಲಿಲ್ಲ.

ಇನ್ನು ಕೊಬ್ಬಿನ ಕೋಶಗಳ ಸ್ವಭಾವ ಕೇಳಿ. 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಇವುಗಳ ವಯಸ್ಸು ಪತ್ತೆ ಹಚ್ಚಿದರು. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ್ದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ, ಕೋಶದ ಡಿಎನ್‌ಎಯಲ್ಲಿ ಅದು ಹುಟ್ಟಿದ ಕಾಲದ ಗುರುತು ಬಿಟ್ಟಿತ್ತು. ವರ್ಷಕ್ಕೆ ಸುಮಾರು ಶೇ 10ರಷ್ಟು ಕೋಶಗಳು ಸಾಯುತ್ತವೆ, ಅಷ್ಟೇ ಹೊಸವು ಹುಟ್ಟುತ್ತವೆ. ದೊಡ್ಡವರಲ್ಲಿ ಒಟ್ಟು ಸಂಖ್ಯೆ ಹೆಚ್ಚೂಕಡಿಮೆ ಅಷ್ಟೇ. ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡು ಸಣ್ಣಗಾದವರಲ್ಲೂ ಕೋಶಗಳು ಕುಗ್ಗಿದವೇ ಹೊರತು ಜಾಗ ಖಾಲಿ ಮಾಡಲಿಲ್ಲ. ಆಪರೇಷನ್ನಿಗೇ ಬಗ್ಗದ ಬಾಡಿಗೆದಾರರನ್ನು ಕ್ಯಾಪ್ಸೂಲ್ ಒಕ್ಕಲೆಬ್ಬಿಸುತ್ತದಂತೆ!

ಕಾಫಿಯ ಕಥೆ ಇನ್ನೂ ರುಚಿ. ನಾವು ಹುರಿದು, ಚಿಕೋರಿ ಬೆರೆಸಿ, ಡಿಕಾಕ್ಷನ್ ಇಳಿಸಿ ಕುಡಿದರೆ ಬರೀ ಕಾಫಿ. ಹುರಿಯದೆ ಸಾರ ತೆಗೆದು ಕ್ಯಾಪ್ಸೂಲಿಗೆ ತುಂಬಿದರೆ ‘ಗ್ರೀನ್ ಕಾಫಿ’. 2012ರಲ್ಲಿ ಡಾ. ಓಜ್ ಎಂಬ ಅಮೆರಿಕದ ಟಿವಿ ವೈದ್ಯರು ಇದನ್ನು ಮ್ಯಾಜಿಕ್ ಅಂದರು. ಆಧಾರ ಏನು? ನಮ್ಮ ಬೆಂಗಳೂರಿನಲ್ಲಿ ನಡೆದ ಒಂದು ಅಧ್ಯಯನ. ಅದರಲ್ಲಿದ್ದವರು 16 ಜನ. ಒಂದು ಮಿನಿ ಬಸ್ ತುಂಬುವುದಿಲ್ಲ. 22 ವಾರದಲ್ಲಿ ಸುಮಾರು 8 ಕೆಜಿ ಇಳಿಯಿತು ಅಂತ ಹೇಳಿಕೆ.

2014ರಲ್ಲಿ, ಗ್ರಾಹಕರಿಗೆ ಮೋಸವಾಗದಂತೆ ನೋಡಿಕೊಳ್ಳುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಡತ ಬಿಚ್ಚಿತು. ಅಧ್ಯಯನ ನಡೆಸಿದವರು ಜನರ ತೂಕವನ್ನೇ ಮತ್ತೆ ಮತ್ತೆ ತಿದ್ದಿದ್ದರು, ಯಾರು ಯಾವ ಮಾತ್ರೆ ತಿಂದರು ಅನ್ನುವುದನ್ನೂ ಅದಲು ಬದಲು ಮಾಡಿದ್ದರು ಅಂತ ಅದು ಹೇಳಿತು. ಕ್ಯಾಪ್ಸೂಲ್ ಯಾಕೆ ಬೇಕಿತ್ತು, ಪೆನ್ನೇ ಸಾಕಾಗಿತ್ತಲ್ಲ! ಹಣ ಹಾಕಿದ್ದ ಕಂಪನಿ 35 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಲೇಖಕರು ಪ್ರಬಂಧ ವಾಪಸ್ ಪಡೆದರು. ಟಿವಿ ವೈದ್ಯರನ್ನು ಸೆನೆಟ್ ಕರೆಸಿ ಛೀಮಾರಿ ಹಾಕಿತು. ಅವರೇ 2025ರಿಂದ ಅಮೆರಿಕ ಸರ್ಕಾರದ ಮೆಡಿಕೇರ್, ಮೆಡಿಕೇಡ್ ಆರೋಗ್ಯ ಯೋಜನೆಗಳ ಮುಖ್ಯಸ್ಥರು. ಗ್ರೀನ್ ಕಾಫಿ ಇವತ್ತಿಗೂ ಆನ್‌ಲೈನಿನಲ್ಲಿ ಸಿಗುತ್ತದೆ, ಆಫರ್ ಬೇರೆ ಇದೆ.

ಡಬ್ಬಿ ತಿರುಗಿಸಿ ನೋಡಿದ್ದೀರಾ? ಇರುವೆ ಸಾಲಿನಂಥ ಅಕ್ಷರದಲ್ಲಿ, ‘ಮಿತ ಆಹಾರ ಮತ್ತು ನಿತ್ಯ ವ್ಯಾಯಾಮದ ಜೊತೆ ಬಳಸಿ’ ಅಂತಿರುತ್ತದೆ. ಜೊತೆಗೆ ‘ನಾಟ್ ಫಾರ್ ಮೆಡಿಸಿನಲ್ ಯೂಸ್’ ಎಂದು ಹಾಕಲೇಬೇಕು, ನಮ್ಮ ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನ ನಿಯಮ. ಹಾಗಾಗಿ ಕಂಪನಿಯವರನ್ನು ಸುಮ್ನೆ ಬೈಯಬೇಡಿ. ಮುಂದುಗಡೆ ಏನೇ ಬರೆದಿರಲಿ, ಹಿಂದುಗಡೆ ಅವರು ಒಂದು ಸುಳ್ಳೂ ಹೇಳಿಲ್ಲ.